ಮುತ್ತಿಗೆಯ ಬೆಳ್ಳಿ

ಕಲಬುರಗಿಯ ಸರಾಫ್ ಬಜಾರಿನಲ್ಲಿ ಹಳೆ ಬೆಳ್ಳಿ ರೂಪಾಯಿ ಕೊಟ್ಟರೆ ಅಂಗಡಿಯವರು ಅದರ ಮುಖ ನೋಡುವ ಮುಂಚೆ ತಕ್ಕಡಿಗೆ ಹಾಕುತ್ತಾರೆ. ವಿಕ್ಟೋರಿಯಾ ರಾಣಿ ಛಾಪಿನದಾದರೆ ಒಂದು ತೊಲೆ, 11.66 ಗ್ರಾಂ. ನಿಜಾಮರ ಕಾಲದ ಚಾರ್ಮಿನಾರ್ ರೂಪಾಯಿ, ಅಂದರೆ ನಮ್ಮ ಕಡೆ ಹಿರಿಯರು ಹಾಲಿ ಸಿಕ್ಕಾ ಅನ್ನುತ್ತಿದ್ದದ್ದು, ತೂಕದಲ್ಲೂ ಬೆಳ್ಳಿಯಲ್ಲೂ ಸ್ವಲ್ಪ ಕಮ್ಮಿ. ಆಮೇಲೆ ಲೆಕ್ಕ, ಆಮೇಲೆ ಚಹಾ. ಯಾವ ರಾಜ, ಯಾವ ವರ್ಷ ಅನ್ನುವುದೆಲ್ಲ ನಮ್ಮಂಥ ಕೆಲಸವಿಲ್ಲದವರ ಮಾತು. ನಾನೊಮ್ಮೆ ಒಂದು ನಾಣ್ಯದ ಅಂಚಿನ ಅಕ್ಷರ ಓದಲು ಹೆಣಗುತ್ತಿದ್ದೆ. "ಸರ, ಅದ್ರಾಗ ಏನ್ ಬರ್ದಾರ ಅಂತ ನೋಡಬ್ಯಾಡ್ರಿ, ಎಷ್ಟ್ ತೊಲಿ ಅದ ಅಂತ ನೋಡ್ರಿ" ಅಂದರು ಅಂಗಡಿಯ ಕಾಕಾ.

ಅವರ ಮಾತು ವ್ಯಾಪಾರಕ್ಕೆ ಸರಿ. ಆದರೆ ನನಗೆ ಹತ್ತಿರುವ ಹುಚ್ಚಿಗೆ ಅದು ಆಗಿಬರುವುದಿಲ್ಲ. ನಾನು ಹುಡುಕುವುದು ಮುತ್ತಿಗೆಯ ನಾಣ್ಯಗಳನ್ನು. ಕೋಟೆಗೆ ಸೈನ್ಯ ಸುತ್ತುಹಾಕಿ ತಿಂಗಳುಗಟ್ಟಲೆ ಕೂತದ್ದು, ಒಳಗಿನವರು ಹಸಿದದ್ದು, ಕೊನೆಗೆ ಯಾರೋ ಗೆದ್ದದ್ದು. ಇದನ್ನೆಲ್ಲ ನೆನಪಿಗೆ ಅಂತ ಬೆಳ್ಳಿಯ ಮೇಲೆ ಒತ್ತಿ ಮಾರುತ್ತಾರೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮಖಮಲ್ಲಿನ ಗೂಡಿನಲ್ಲಿ, ಜೊತೆಗೊಂದು ಪ್ರಮಾಣಪತ್ರ ಇಟ್ಟು. ಕೊಳ್ಳುವವರು ಜಗತ್ತಿನಾದ್ಯಂತ ಇದ್ದಾರೆ. ಇವುಗಳನ್ನು ನೋಡ್ತಾ ನೋಡ್ತಾ ನನಗೆ ಒಂದು ವಿಷಯ ಬಿಡದೆ ಕಾಡತೊಡಗಿತು. ಇವುಗಳಲ್ಲಿ ಕೋಟೆಯ ಒಳಗಿದ್ದವರು ಎಲ್ಲಿ?

ಮೊದಲು ಒಳಗಿನವರ ನಾಣ್ಯದ ಮಾತು ಹೇಳುತ್ತೇನೆ, ಯಾಕೆಂದರೆ ಅಂಥವೂ ಇವೆ. ಇಂಗ್ಲೆಂಡಿನಲ್ಲಿ ನ್ಯೂಆರ್ಕ್ ಅಂತ ಒಂದು ಊರು. ಅಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದಾಗ ಈ ಊರು ಮೊದಲನೇ ಚಾರ್ಲ್ಸ್ ದೊರೆಯ ಕಡೆ ಇತ್ತು. 1645ರ ಕೊನೆಯಲ್ಲಿ ಪಾರ್ಲಿಮೆಂಟಿನ ಸೈನ್ಯ, ಸ್ಕಾಟ್‌ಲೆಂಡಿನ ಸೈನ್ಯ ಎರಡೂ ಸೇರಿ ಊರನ್ನು ಸುತ್ತುವರಿದವು. 1646ರ ಮೇ ತನಕ ಮುತ್ತಿಗೆ. ಒಳಗಿದ್ದ ಸಿಪಾಯಿಗಳಿಗೆ ಸಂಬಳ ಕೊಡಬೇಕಲ್ಲ, ರೊಕ್ಕ ಎಲ್ಲಿಂದ ಬರಬೇಕು? ಮನೆಗಳ ಬೆಳ್ಳಿ ತಟ್ಟೆ ತಂದರು, ತಟ್ಟಿ ಚಪ್ಪಟೆ ಮಾಡಿದರು, ಕತ್ತರಿಸಿದರು. ದುಂಡಗೆ ಕತ್ತರಿಸಿದರೆ ಸುತ್ತಲಿನ ಬೆಳ್ಳಿ ಹಾಳು, ಕೆಲಸವೂ ಜಾಸ್ತಿ. ಹಾಗಾಗಿ ಓರೆಯಾಗಿ ಗೆರೆ ಎಳೆದು ಶಂಕರಪೋಳಿ ಕತ್ತರಿಸುವ ಹಾಗೆ ಕತ್ತರಿಸಿದರು. ಒಂದು ಕಡೆ ಕಿರೀಟ, ದೊರೆಯ ಹೆಸರಿನ ಎರಡಕ್ಷರ, ಕೆಳಗೆ ಬೆಲೆ. ಇನ್ನೊಂದು ಕಡೆ ಊರಿನ ಹೆಸರು, ವರ್ಷ, ಮುತ್ತಿಗೆಯಲ್ಲಿದ್ದೇವೆ ಅನ್ನುವ ಸೂಚನೆ. ಆರು ಪೆನ್ನಿ, ಒಂಬತ್ತು ಪೆನ್ನಿ, ಒಂದು ಶಿಲ್ಲಿಂಗ್, ಅರ್ಧ ಕ್ರೌನ್. ಒಂಬತ್ತು ಪೆನ್ನಿಯ ನಾಣ್ಯ ಇಂಗ್ಲೆಂಡಿನಲ್ಲಿ ಮಾಮೂಲಿಯಾಗಿ ಇರಲೇ ಇಲ್ಲ. ಬೆಳ್ಳಿ ಎಷ್ಟು ಸಿಕ್ಕಿತೋ ಅಷ್ಟಕ್ಕೆ ಬೆಲೆ ಕಟ್ಟಿದ ಕಾಲ ಅದು.

ಈ ನಾಣ್ಯಗಳಲ್ಲಿ ಕೆಲವದರ ಮೇಲೆ ಮೂಲ ತಟ್ಟೆಯ ನಕಾಶೆ ಹಾಗೇ ಉಳಿದಿದೆ. ಒಂದು ಮೂಲೆಯಲ್ಲಿ ಅಕ್ಕಸಾಲಿಗನ ಮುದ್ರೆಯ ಅರ್ಧ, ಇನ್ನೊಂದರ ಮೇಲೆ ಚಿನ್ನದ ಮುಲಾಮಿನ ಗುರುತು. ದೊರೆಯ ಕಿರೀಟದ ಅಡಿಯಲ್ಲಿ ಯಾರದೋ ಮನೆಯ ಊಟದ ತಟ್ಟೆ ಇಣುಕುತ್ತದೆ. ನನಗೆ ಇಡೀ ನಾಣ್ಯಶಾಸ್ತ್ರದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ವಸ್ತು ಕಂಡಿಲ್ಲ.

1453ರಲ್ಲಿ ಕಾನ್‌ಸ್ಟಾಂಟಿನೋಪಲ್, ಅಂದರೆ ಇಂದಿನ ಇಸ್ತಾಂಬುಲ್, ತುರ್ಕರ ಕೈಗೆ ಬೀಳುವ ಮುನ್ನವೂ ಹೀಗೇ ಆಯಿತು. ಚರ್ಚುಗಳ ಬೆಳ್ಳಿ ಪಾತ್ರೆ ಕರಗಿಸಿ ಕೊನೆಯ ಚಕ್ರವರ್ತಿ ಹನ್ನೊಂದನೇ ಕಾನ್‌ಸ್ಟಂಟೈನ್ ಸಿಪಾಯಿಗಳಿಗೆ ಕೊಟ್ಟ. ಅವನ ಹೆಸರಿನ ಆ ಚಿಕ್ಕ ಬೆಳ್ಳಿ ನಾಣ್ಯಗಳು ಇಪ್ಪತ್ತನೇ ಶತಮಾನದಲ್ಲಿ ಬೆಳಕಿಗೆ ಬಂದವು. ನೋಡಲು ಒರಟು, ವಕ್ರ. 1574ರಲ್ಲಿ ಮುತ್ತಿಗೆಗೆ ಸಿಕ್ಕ ಹಾಲೆಂಡಿನ ಲೈಡನ್ ಊರಿನವರಿಗಂತೂ ಬೆಳ್ಳಿಯೂ ಸಾಲಲಿಲ್ಲ. ಚರ್ಚಿನ ಪುಸ್ತಕಗಳ ಹಾಳೆ ಅಂಟಿಸಿ, ಗಟ್ಟಿ ಮಾಡಿ, ಅದರ ಮೇಲೇ ನಾಣ್ಯದ ಅಚ್ಚು ಹೊಡೆದರು. ಕಾಗದದ ನಾಣ್ಯ!

ಇವ್ಯಾವೂ ನೆನಪಿಗಾಗಿ ಮಾಡಿದ್ದಲ್ಲ. ನಾಳೆ ಬೆಳಿಗ್ಗೆ ಗೋಡೆ ಮೇಲೆ ನಿಲ್ಲುವವನಿಗೆ ಇವತ್ತು ಏನಾದರೂ ಕೊಡಬೇಕಿತ್ತು, ಅಷ್ಟೇ. ನೆನಪಿನ ನಾಣ್ಯ ಬರುವುದು ಆಮೇಲೆ. ಹೊಟ್ಟೆ ತುಂಬಿದವರ ಕಾಲದಲ್ಲಿ.

ಅಮೆರಿಕದ ಟೆಕ್ಸಾಸ್ ಅರ್ಧ ಡಾಲರ್ ನೋಡಿ. 1934ರಿಂದ 1938ರ ತನಕ ಹೊಡೆದದ್ದು, ನೂರಕ್ಕೆ 90 ಭಾಗ ಬೆಳ್ಳಿ. ಒಂದು ಮುಖದಲ್ಲಿ ಹದ್ದು, ಹಿಂದೆ ದೊಡ್ಡ ನಕ್ಷತ್ರ. ಇನ್ನೊಂದು ಮುಖದಲ್ಲಿ ರೆಕ್ಕೆಯ ವಿಜಯದೇವಿ ಮಂಡಿಯೂರಿ ಕೂತಿದ್ದಾಳೆ. ಅವಳ ಸುತ್ತ ಆರು ಬಾವುಟ, ಇಬ್ಬರು ನಾಯಕರ ಮುಖ, ನಡುವೆ ಅಲಾಮೊ ಅನ್ನುವ ಕಟ್ಟಡ. ಜಾತ್ರೆಯ ಗದ್ದಲ ಅಷ್ಟೂ ಒಂದೇ ಬಿಲ್ಲೆಯಲ್ಲಿ. ಟೆಕ್ಸಾಸಿನವರು ಮೆಕ್ಸಿಕೋದಿಂದ ಬೇರೆಯಾಗಲು ಹೋರಾಡುತ್ತಿದ್ದಾಗ, 1836ರ ಫೆಬ್ರವರಿ, ಮಾರ್ಚಿನಲ್ಲಿ, ಅಲಾಮೊಗೆ ಮೆಕ್ಸಿಕೋ ಸೈನ್ಯ 13 ದಿನ ಮುತ್ತಿಗೆ ಹಾಕಿತು. ಒಳಗೆ ಹೋರಾಡಿದವರು ಹೆಚ್ಚುಕಮ್ಮಿ ಎಲ್ಲರೂ ಸತ್ತರು. ಹಾಗಾದರೆ ಸೋತವರಿಗೂ ನಾಣ್ಯ ಸಿಕ್ಕಿತಲ್ವಾ ಅಂತ ನೀವು ಕೇಳಬಹುದು. ಸಿಕ್ಕಿದ್ದು ನಿಜ. ಆದರೆ ಮುಂದೆ ಒಂದೂವರೆ ತಿಂಗಳಲ್ಲಿ ಸ್ಯಾನ್ ಹಸಿಂಟೋ ಎಂಬಲ್ಲಿ ಅವರ ಕಡೆಯವರೇ ಗೆದ್ದರು. ಆ ಗೆಲುವು ಇಲ್ಲದಿದ್ದರೆ ಅಲಾಮೊ ಮೆಕ್ಸಿಕೋ ದೇಶದ ಒಂದು ಹಳೆ ಚರ್ಚಾಗಿ ಉಳಿಯುತ್ತಿತ್ತು, ಅರ್ಧ ಡಾಲರಿನ ಮೇಲೆ ಬರುತ್ತಿರಲಿಲ್ಲ.

ವಿಕ್ಸ್‌ಬರ್ಗಿನದು ಇನ್ನೂ ತಮಾಷೆ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ಅಂತರ್ಯುದ್ಧದಲ್ಲಿ, 1863ರಲ್ಲಿ, ಮಿಸಿಸಿಪ್ಪಿ ನದಿ ದಂಡೆಯ ಈ ಊರನ್ನು ಉತ್ತರದ ಸೈನ್ಯ 47 ದಿನ ಮುತ್ತಿತು. ಗುಂಡಿನ ಮಳೆ ತಡೆಯಲಾರದೆ ಊರ ಜನ ಗುಡ್ಡದಲ್ಲಿ ಗುಹೆ ತೋಡಿಕೊಂಡು ಹೆಂಗಸರು ಮಕ್ಕಳ ಸಮೇತ ಅಲ್ಲೇ ವಾಸ ಮಾಡಿದರು. 2011ರಲ್ಲಿ ಅಮೆರಿಕದ ಟಂಕಸಾಲೆ ಆ ಯುದ್ಧಭೂಮಿಯ ಹೆಸರಲ್ಲಿ ಕಾಲು ಡಾಲರ್ ನಾಣ್ಯ ತಂದಿತು. ಸಂಗ್ರಹಕಾರರಿಗೆ ಅದರದೇ 5 ಔನ್ಸಿನ ಬೆಳ್ಳಿ ಬಿಲ್ಲೆ. ಮೂರು ಇಂಚು ಅಗಲ, ನಮ್ಮ ಲೆಕ್ಕದಲ್ಲಿ 13 ತೊಲೆಗೂ ಮಿಗಿಲು. ಅಷ್ಟು ದೊಡ್ಡ ಜಾಗ ಇತ್ತು. ಗುಹೆಗೆ ಜಾಗ ಸಿಗಲಿಲ್ಲ. ಬಂದದ್ದು ಕೈರೋ ಎಂಬ ಕಬ್ಬಿಣದ ಕವಚದ ಯುದ್ಧದೋಣಿ. ಅದು ಮುತ್ತಿಗೆ ಶುರುವಾಗುವ ಮೊದಲೇ, 1862ರ ಡಿಸೆಂಬರಿನಲ್ಲಿ, ನೀರೊಳಗಿನ ಸಿಡಿಮದ್ದಿಗೆ ಮುಳುಗಿತ್ತು. ಹಡಗು ನೋಡಲು ಚೆಂದ, ಗುಹೆ ಚೆಂದ ಇಲ್ಲ. ಮಾರುವವರ ಕಷ್ಟವೂ ನನಗೆ ಅರ್ಥ ಆಗುತ್ತದೆ.

ನಮ್ಮ ದೇಶದಲ್ಲಿ ಈ ಚಾಳಿ ಹೊಸದಲ್ಲ. ಅಕ್ಬರ್ 1601ರಲ್ಲಿ ಖಾಂದೇಶದ ಅಸೀರಗಡ ಕೋಟೆ ತೆಗೆದುಕೊಂಡ. ಆ ಸಂತೋಷಕ್ಕೆ ಅಸೀರ್‌ನ ಹೆಸರಿನಲ್ಲೇ ಒಂದು ಚಿನ್ನದ ಮೊಹರು ನಾಣ್ಯ ಹೊಡೆಸಿದ, ಅದರ ಮೇಲೆ ಒಂದು ಗಿಡುಗ. ಬೆಳ್ಳಿಯದಲ್ಲ, ಆದರೂ ಮುತ್ತಿಗೆಯ ನೆನಪಿಗೆ ನಮ್ಮ ನೆಲದಲ್ಲಿ ಹೊಡೆದ ನಾಣ್ಯ ಅಂದರೆ ನನಗೆ ಮೊದಲು ನೆನಪಾಗುವುದು ಅದೇ. ಗಿಡುಗ ನೋಡಿದರೆ ಕೋಟೆಯ ಮೇಲೆ ಎರಗಿ ಹಿಡಿದ ಹಾಗಿದೆ. ಅಲ್ಲಿದ್ದ ಜೆಸೂಟ್ ಪಾದ್ರಿಗಳ ಬರಹ ಲಂಚ ಕೊಟ್ಟು ಬಾಗಿಲು ತೆಗೆಸಿದ ಕಥೆ ಹೇಳುತ್ತದೆ. ಅಕ್ಬರನ ಆಸ್ಥಾನದ ಇತಿಹಾಸಕಾರ ಅಬುಲ್ ಫಜಲ್ ಕೋಟೆಯೊಳಗೆ ರೋಗ ಹಬ್ಬಿತು ಅನ್ನುತ್ತಾನೆ. ಲಂಚಕ್ಕೂ ರೋಗಕ್ಕೂ ಯಾವ ಹಕ್ಕಿಯ ಚಿತ್ರ ಹಾಕಬೇಕು ಹೇಳಿ.

ಕನ್ನಡಿಗರಿಗೆ ಹತ್ತಿರದ್ದು ಶ್ರೀರಂಗಪಟ್ಟಣದ ಪದಕ. 1799ರ ಮೇ 4ರಂದು ಟಿಪ್ಪು ಸತ್ತ. ಈಸ್ಟ್ ಇಂಡಿಯಾ ಕಂಪನಿ ಆ ದಂಡಯಾತ್ರೆಯಲ್ಲಿದ್ದವರಿಗೆಲ್ಲ ಪದಕ ಮಾಡಿಸಿತು. ಇಂಗ್ಲೆಂಡಿನ ಸೋಹೋ ಟಂಕಸಾಲೆ, ಕ್ಯೂಖ್ಲರ್ ಎಂಬ ಕಲಾವಿದನ ಕೆಲಸ. ಒಂದು ಕಡೆ ಬ್ರಿಟಿಷ್ ಸಿಂಹ ಹುಲಿಯನ್ನು ಕೆಡವಿ ಮೇಲೆ ನಿಂತಿದೆ. ಹುಲಿ ಯಾರು ಅಂತ ಹೇಳಬೇಕಾಗಿಲ್ಲ. ಇನ್ನೊಂದು ಕಡೆ ಒಡೆದ ಗೋಡೆಯತ್ತ ನುಗ್ಗುವ ಸಿಪಾಯಿಗಳು, ಕೆಳಗೆ ಪಾರ್ಸಿ (ಪರ್ಷಿಯನ್ ಭಾಷೆಯ) ಬರಹ. ಕೆತ್ತನೆ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೋಹದ ಲೆಕ್ಕ ನೋಡಿ. ದೊಡ್ಡ ಅಧಿಕಾರಿಗಳಿಗೆ ಚಿನ್ನ, ಅವರ ಕೆಳಗಿನವರಿಗೆ ಚಿನ್ನದ ಮುಲಾಮು ಹಾಕಿದ ಬೆಳ್ಳಿ, ಅದರ ಕೆಳಗೆ ಬರೀ ಬೆಳ್ಳಿ, ಆಮೇಲೆ ಕಂಚು. ಗೋಡೆ ಹತ್ತಿದ ಸಾಮಾನ್ಯ ಸಿಪಾಯಿಗೆ ತವರ. ಗೆದ್ದವರ ಪದಕದಲ್ಲೂ ಒಳಗೆ ಹೊರಗೆ ಇತ್ತು.

ಹೈದರಾಬಾದಿನ ನಿಜಾಮನ ಸೈನ್ಯ ಆ ದಿನ ಯಾರ ಕಡೆ ಇತ್ತು ಅನ್ನುವುದನ್ನೂ ಹೇಳಿಬಿಡಬೇಕು. ಕಂಪನಿಯ ಕಡೆ. ಕಲಬುರಗಿ ಆಗ ನಿಜಾಮನದೇ. ಶ್ರೀರಂಗಪಟ್ಟಣದ ಕಥೆ ಕೇಳುವಾಗ ನಾವೆಲ್ಲ ಸುಮ್ನೆ ಗೋಡೆಯ ಒಳಗೆ ನಿಂತು ಕೇಳುತ್ತೇವೆ. ನಮ್ಮ ಭಾಗದ ಆಗಿನ ದೊರೆ ಗೋಡೆಯ ಹೊರಗಿದ್ದ.

ಈಗ ಬೀದರಿಗೆ ಬರೋಣ. ಇದಕ್ಕಾಗಿಯೇ ಇಷ್ಟು ದೂರ ಸುತ್ತಿದ್ದು.

ಬೀದರ್ ಕೋಟೆಯನ್ನು ನೋಡಿದವರಿಗೆ ಗೊತ್ತು, ಅದರ ಕಂದಕವನ್ನು ಕಟ್ಟಿದ್ದಲ್ಲ, ಕೆಂಪು ಜಂಬಿಟ್ಟಿಗೆ ಬಂಡೆಯಲ್ಲೇ ಕಡಿದದ್ದು. ಒಂದು ಭಾಗದಲ್ಲಿ ಮೂರು ಕಾಲುವೆ, ನಡುವೆ ಬಂಡೆಯ ಗೋಡೆ ಹಾಗೇ ಬಿಟ್ಟಿದ್ದಾರೆ. ಮಧ್ಯಾಹ್ನದ ಬಿಸಿಲಲ್ಲಿ ಅದರ ಅಂಚಿಗೆ ನಿಂತು ಕೆಳಗೆ ನೋಡಿದರೆ ಇದನ್ನು ದಾಟುವುದು ಯಾರಿಂದ ಸಾಧ್ಯ ಅನ್ನಿಸುತ್ತದೆ. 1657ರ ಮಾರ್ಚಿನಲ್ಲಿ ಔರಂಗಜೇಬ್ ದಾಟಿದ. ಆಗ ಅವನು ಇನ್ನೂ ಶಹಜಾದೆ, ದಖ್ಖನ್ನಿನ ಸುಬೇದಾರ. ಕೋಟೆ ಬಿಜಾಪುರದ ಆದಿಲಶಾಹಿಯದು, ಕಿಲ್ಲೇದಾರ ಸಿದ್ದಿ ಮರ್ಜಾನ್. ಆಫ್ರಿಕಾ ಮೂಲದವನು, ಮುದುಕ. ಬಹಳ ಕಾಲದಿಂದ ಕೋಟೆ ಅವನ ಕೈಯಲ್ಲೇ ಇತ್ತು. ಮೊಗಲರ ತೋಪುಗಳು ಬುರುಜು ಒಡೆದವು, ಕಂದಕಕ್ಕೆ ಮಣ್ಣು ತುಂಬಿದರು. ಆದರೂ ಒಳಗಿನವರು ಬಿಡಲಿಲ್ಲ. ಕೊನೆಗೆ ಮಾರ್ಚ್ 29ರ ದಾಳಿಯಲ್ಲಿ ಒಂದು ಅಗ್ನಿಬಾಣದ ಕಿಡಿ ಬುರುಜಿನ ಹಿಂದಿದ್ದ ಮದ್ದಿನ ರಾಶಿಗೆ ಬಿತ್ತು. ಮರ್ಜಾನ್ ಅಲ್ಲೇ ನಿಂತಿದ್ದ, ಅವನ ಮಕ್ಕಳೂ ಇದ್ದರು. ಸುಟ್ಟು ಸಾಯುವ ಸ್ಥಿತಿಯಲ್ಲಿ ಕೋಟೆಯ ಕೀಲಿಕೈಯನ್ನು ಮಕ್ಕಳ ಕೈಲಿ ಕಳಿಸಿಕೊಟ್ಟ. ಒಟ್ಟು 27 ದಿನ. ಗೆದ್ದವರಿಗೆ ಸಿಕ್ಕಿದ್ದು 12 ಲಕ್ಷ ರೂಪಾಯಿ ನಗದು, 8 ಲಕ್ಷದ ಮದ್ದು ಗುಂಡು ದವಸ, 230 ತೋಪು. ಅಲ್ಲಿಂದ ಸೈನ್ಯ ಕಲ್ಯಾಣದ ಕಡೆ ಹೊರಟಿತು, ಅಂದರೆ ನಮ್ಮ ಬಸವಕಲ್ಯಾಣ. ಅಲ್ಲಿ ದಿಲಾವರ್ ಎಂಬ ಇನ್ನೊಬ್ಬ ಹಬ್ಶಿ, ಅಂದರೆ ಆಫ್ರಿಕಾ ಮೂಲದ, ಸರದಾರ ಎರಡು ತಿಂಗಳಿಗೂ ಜಾಸ್ತಿ ಹಿಡಿದು ನಿಂತ.

ಬೀದರಿನ ಈ ಮುತ್ತಿಗೆಯ ನೆನಪಿಗೆ ಪದಕ ಬರಲಿಲ್ಲ, ಗಿಡುಗ ಬರಲಿಲ್ಲ. ಬಂದದ್ದು ಹೆಸರು. ಊರನ್ನು ಜಫರಾಬಾದ್ ಅಂತ ಕರೆದರು, ಗೆಲುವಿನ ಊರು ಅಂತ. ಔರಂಗಜೇಬ್ ಪಟ್ಟಕ್ಕೆ ಬಂದ ಮೇಲೆ ಆ ಹೆಸರಿನ ಟಂಕಸಾಲೆಯಿಂದ ಬೆಳ್ಳಿ ರೂಪಾಯಿ ಹೊರಬಂತು. ಬೀದರಿನ ನನ್ನ ಗೆಳೆಯರೊಬ್ಬರ ಹತ್ತಿರ ಅಂಥದ್ದೊಂದಿದೆ. ಅವರು ಅದನ್ನು ಕೈಗೆ ಕೊಡುವ ಮುಂಚೆ ಎರಡು ಸಲ ಯೋಚಿಸುತ್ತಾರೆ, ಕೆಳಗೆ ಟವೆಲ್ ಹಾಸುತ್ತಾರೆ. ಅಗಲ ಕಮ್ಮಿ, ದಪ್ಪ ಜಾಸ್ತಿ. ಒಂದು ಮುಖದಲ್ಲಿ ಪಾರ್ಸಿ ಸಾಲು. ಹೊಳೆಯುವ ಚಂದಿರನ ಹಾಗೆ ಜಗತ್ತಿನಲ್ಲಿ ನಾಣ್ಯ ಹೊಡೆದ ಆಲಮಗೀರ್ (ಔರಂಗಜೇಬನ ಬಿರುದು) ಅಂತ ಅದರ ಅರ್ಥ. ಇನ್ನೊಂದು ಮುಖದಲ್ಲಿ ಆಳ್ವಿಕೆಯ ವರ್ಷ, ಕೆಳಗೆ ಊರಿನ ಹೆಸರು. ಆದರೆ ಹಳೆ ಕಾಲದ ಅಚ್ಚು ನಾಣ್ಯಕ್ಕಿಂತ ದೊಡ್ಡದು. ಸುತ್ತಿಗೆ ಬಿದ್ದಾಗ ಎಷ್ಟು ಬಿತ್ತೋ ಅಷ್ಟೇ ಮೂಡುತ್ತದೆ. ಇವರ ನಾಣ್ಯದಲ್ಲಿ ಊರಿನ ಹೆಸರು ಅರ್ಧ ಒಳಗೆ, ಅರ್ಧ ಹೊರಗೆ. ಅಂಚಿನಲ್ಲಿ ಯಾವನೋ ಸರಾಫ ಬೆಳ್ಳಿ ಅಸಲಿಯೇ ಅಂತ ನೋಡಲು ಕೊರೆದ ಚಿಕ್ಕ ಗುಳಿ. ಆ ಗುಳಿ ಸರಿಯಾಗಿ ಹೆಸರಿನ ಮೇಲೇ ಬಿದ್ದಿದೆ.

ನನ್ನ ಮಟ್ಟಿಗೆ ಬೀದರ್ ಮುತ್ತಿಗೆಯ ಸ್ಮರಣೆಯ ನಾಣ್ಯ ಇದೇ. ಯಾರೂ ಹಾಗೆ ಕರೆಯುವುದಿಲ್ಲ. ಮಾರುಕಟ್ಟೆಯಲ್ಲಿ ಇದು ಸುಮ್ನೆ ಇನ್ನೊಂದು ಔರಂಗಜೇಬನ ರೂಪಾಯಿ. ಆದರೆ ಜೋಳ ಮಾರಿದವನ ಕೈಗೂ, ಬಾಡಿಗೆ ಇಸಕೊಂಡವನ ಕೈಗೂ, ನೀನು ಈಗ ಗೆದ್ದವರ ಊರಲ್ಲಿದ್ದೀಯ ಅಂತ ದಿನಾ ಹೇಳಿದ ನಾಣ್ಯ ಇದು. ಡಬ್ಬಿಯಲ್ಲಿಟ್ಟ ಪದಕಕ್ಕೆ ಆ ಶಕ್ತಿ ಇಲ್ಲ. ಮಜಾ ಏನೆಂದರೆ ಆ ಹೆಸರು ನಿಲ್ಲಲಿಲ್ಲ. ಇವತ್ತು ಜಫರಾಬಾದಿಗೆ ಟಿಕೆಟ್ ಕೊಡಿ ಅಂದರೆ ಕಂಡಕ್ಟರ್ ನಿಮ್ಮನ್ನು ಉತ್ತರ ಪ್ರದೇಶದ ಕಡೆ ಕಳಿಸಿಯಾರು.

ಯಾದಗಿರಿ ಜಿಲ್ಲೆಯದು ಇದಕ್ಕಿಂತ ಬೇರೆ ಕಥೆ. ಸುರಪುರದ ಹತ್ತಿರದ ವಾಗಣಗೇರಾ ಕೋಟೆ. ಔರಂಗಜೇಬ್ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ, 1705ರ ಫೆಬ್ರವರಿಯಿಂದ ಏಪ್ರಿಲ್ ತನಕ. ಬಾದಶಹನಿಗೆ ಎಂಬತ್ತು ದಾಟಿತ್ತು. ಎದುರಿಗೆ ಬೇಡರ ಪಿಡ್ಡನಾಯಕ. ಅವನ ಬಂದೂಕಿನವರ ಗುರಿ ಇಡೀ ದಖ್ಖನ್ನಿನಲ್ಲಿ ಹೆಸರುವಾಸಿ. ಮೊಗಲರು ಒಂದು ಗುಡ್ಡ ಹಿಡಿದರು, ಬೇಡರು ಮತ್ತೆ ಕಿತ್ತುಕೊಂಡರು. ಮರಾಠರ ಧನಾಜಿ ಜಾಧವ ನಾಯಕನ ಸಹಾಯಕ್ಕೆ ಬಂದ. ನಾಯಕ ನಡುವೆ ರಾಜಿ ಮಾತು ಎತ್ತಿ ಕಾಲ ತಳ್ಳಿದ. ಕೊನೆಗೆ ಮೊಗಲ್ ಸೇನಾಪತಿ ಜುಲ್ಫಿಕಾರ್ ಖಾನ್ ದೊಡ್ಡ ಸೈನ್ಯದೊಂದಿಗೆ ಬಂದು ಬಾವಿಗಳನ್ನು ಹಿಡಿದ ಮೇಲೆ, ನಾಯಕ ತನ್ನವರನ್ನು ಕರೆದುಕೊಂಡು ರಾತ್ರೋರಾತ್ರಿ ಜಾಗ ಖಾಲಿ ಮಾಡಿದ. ಬೆಳಿಗ್ಗೆ ಮೊಗಲರು ಹೊಕ್ಕಾಗ ಸಿಕ್ಕಿದ್ದು ಉರಿಯುವ ಮನೆಗಳು. ಹೆಸರು ಬದಲಿಸುವ ಚಾಳಿ ಇಲ್ಲೂ ಬಿಡಲಿಲ್ಲ, ರಹಮಾನ್ ಬಖ್ಶ್ ಖೇಡಾ ಅಂತ ಇಟ್ಟರು. ಆಮೇಲೆ ಬಾದಶಹ ಕೃಷ್ಣಾ ತೀರದ ದೇವಾಪುರದಲ್ಲಿ ಬಿಡಾರ ಹೂಡಿ ಜಡ್ಡು ಬಿದ್ದ. ಅಲ್ಲಿಂದ ಅಹ್ಮದನಗರ, 1707ರಲ್ಲಿ ಸಾವು. ನಾಯಕರ ಮನೆತನ ಸುರಪುರದಲ್ಲಿ ಮತ್ತೆ ಒಂದೂವರೆ ಶತಮಾನ ಆಳಿತು.

ಹೀಗಿರುವಾಗ ವಾಗಣಗೇರಾದ ನಾಣ್ಯ ಯಾರು ಹೊಡೆಸಬೇಕು? ಕೋಟೆ ಗೆದ್ದವನಿಗೆ ಕೋಟೆ ಬಿಟ್ಟು ಏನೂ ಸಿಗಲಿಲ್ಲ. ತಪ್ಪಿಸಿಕೊಂಡವನು ಉಳಿದ, ಆದರೆ ಓಡಿಹೋದ ರಾತ್ರಿಯನ್ನು ಬೆಳ್ಳಿಯ ಮೇಲೆ ಕೆತ್ತಿಸುವ ಪದ್ಧತಿ ಇಲ್ಲ. ನನ್ನನ್ನು ಕೇಳಿದರೆ ಕೆತ್ತಿಸಬೇಕಾದದ್ದು ಅದನ್ನೇ.

ಚಿತ್ರದುರ್ಗದ ಓಬವ್ವನಿಗೂ ನಾಣ್ಯ ಹೊಡೆಸಿದ ದೊರೆ ಇರಲಿಲ್ಲ. ಅವಳು ಉಳಿದದ್ದು ಜನರ ಬಾಯಲ್ಲಿ, ಒನಕೆ ಸಮೇತ. ಕೋಟೆಯ ಒಳಗಿನವರ ನೆನಪು ನಮ್ಮಲ್ಲಿ ಬೆಳ್ಳಿಗಿಂತ ಲಾವಣಿಯ ದಾರಿ ಹಿಡಿದದ್ದೇ ಜಾಸ್ತಿ.

ಇವತ್ತಿನ ಸರ್ಕಾರಿ ಟಂಕಸಾಲೆಗಳು ಯುದ್ಧಗಳನ್ನು ಬಿಟ್ಟಿಲ್ಲ. 1857ಕ್ಕೆ 150 ವರ್ಷ ಆದಾಗ 5 ಮತ್ತು 100 ರೂಪಾಯಿಯ ನಾಣ್ಯ ಬಂದವು. ಇತ್ತೀಚಿನ ದೊಡ್ಡ ಬಿಲ್ಲೆಗಳಲ್ಲಿ ಬಹಳಷ್ಟು ಅರ್ಧ ಬೆಳ್ಳಿ, 40 ಭಾಗ ತಾಮ್ರ, ಉಳಿದದ್ದು ನಿಕ್ಕಲ್ ಮತ್ತು ಸತು. 2023ರ ಸಂಸತ್ ಭವನದ 75 ರೂಪಾಯಿ ನಾಣ್ಯ ಹಾಗೇ, 44 ಮಿಲಿಮೀಟರ್, 35 ಗ್ರಾಂ. ಮುಖದ ಮೇಲೆ 75 ಇದೆ ಅಂತ 75 ಕೊಟ್ಟು ತರಲು ಹೋಗಬೇಡಿ. ಹೊಸದಾಗಿ ಶುರು ಮಾಡುವವರಿಗೆ ಇನ್ನೊಂದು ಮಾತು: ಶ್ರೀರಂಗಪಟ್ಟಣದ ಪದಕ ಅಂತ ಜಾತ್ರೆಯಲ್ಲಿ, ಆನ್‌ಲೈನಿನಲ್ಲಿ ಕಾಣುವುದೆಲ್ಲ ಅಸಲಿ ಅಲ್ಲ. ಹುಲಿಯ ಪಟ್ಟೆ ಸೋಪಿನ ಮೇಲೆ ಒತ್ತಿದಂತೆ ಮೆತ್ತಗಿದ್ದರೆ ವಾಪಸ್ ಇಟ್ಟುಬಿಡಿ. ನೂರು ವರ್ಷ ದಾಟಿದ ನಾಣ್ಯ ಕಾನೂನಿನ ಪ್ರಕಾರ ಪುರಾವಸ್ತು, ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ.

2057ಕ್ಕೆ ಬೀದರ್ ಮುತ್ತಿಗೆಗೆ 400 ವರ್ಷ. ಆಗ ಯಾರಾದರೂ ಏನಾದರೂ ಮಾಡಿಸಬಹುದು, ಮಾಡಿಸಿದರೆ ಕೋಟೆಯ ಬಾಗಿಲೋ ತೋಪೋ ಇರುತ್ತದೆ. ನನಗೆ ಅಷ್ಟು ಕಾಯುವ ತಾಳ್ಮೆ ಇಲ್ಲ. ಬೀದರಿನಲ್ಲಿ ಬಿದ್ರಿ ಕೆಲಸ ಮಾಡುವ ಉಸ್ತಾದರೊಬ್ಬರ ಹತ್ತಿರ ಹೋಗಿ, ಸ್ಮರಣೆಗೆ ಒಂದು ಬಿಲ್ಲೆ ಮಾಡಿಕೊಡಿ ಅಂದೆ. ಅವರು ಆಗ ಒಂದು ಹೂಜಿಗೆ ಬೆಳ್ಳಿ ತಂತಿ ಕೂರಿಸುತ್ತಿದ್ದರು. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆ. ಮೈಲುತುತ್ತ ಹಚ್ಚಿ ಕಪ್ಪು ಮಾಡಿ, ಉಳಿಯಿಂದ ಗೆರೆ ಕೊರೆದು, ಗೆರೆಯಲ್ಲಿ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ಕೊನೆಗೆ ನವಸಾಗರದ ಜೊತೆ ಹಳೆ ಕೋಟೆಯ ಮಣ್ಣು ಕಲಸಿ ಕುದಿಸಿ ತಿಕ್ಕಿದರೆ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೇ ಬೆಳ್ಳಗಿರುತ್ತದೆ. ಮಣ್ಣು ಮಳೆ ಬಿಸಿಲು ಕಾಣದ ಜಾಗದ್ದೇ ಆಗಬೇಕು. ಸರಿಯಿದೆಯೋ ಇಲ್ಲವೋ ಅಂತ ನಾಲಿಗೆಗೆ ಹಚ್ಚಿ ನೋಡುತ್ತಾರೆ.

ನಾನು ಕಾಗದದಲ್ಲಿ ಬರೆದುಕೊಂಡು ಹೋದದ್ದನ್ನು ತೋರಿಸಿದೆ. ಒಡೆದ ಬುರುಜು, ಮದ್ದಿನ ಬೆಂಕಿ, ಕೀಲಿಕೈ ಹಿಡಿದ ಮಗ. ಉಸ್ತಾದರು ಕನ್ನಡಕ ಏರಿಸಿಕೊಂಡು ನೋಡಿದರು.

"ಸರ, ಇಷ್ಟೆಲ್ಲಾ ಎರಡ್ ಇಂಚಿನಾಗ ಹ್ಯಾಂಗ ಕುಂದ್ರತದ್ರಿ? ಬೆಂಕಿ ಮಾಡ್ಬಹುದು. ಮನಷಾನ ಮಾರಿ ತಂತಿಲಿಂದ ಚೆಂದ ಬರಂಗಿಲ್ಲ."

ಕೀಲಿಕೈ ಒಂದೇ ಇರಲಿ ಅಂದೆ. ಅದಕ್ಕೆ ಒಪ್ಪಿದರು. ಬೆಳ್ಳಿ ನಾನೇ ತಂದುಕೊಡಬೇಕು, ಕೂಲಿ ಬೇರೆ. ಹಿಂದುಗಡೆ ಏನು ಬರೆಯಬೇಕು ಅಂದಾಗ, ಬೀದರ್, 1657, ಅಷ್ಟು ಸಾಕು ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ಬಿಲ್ಲೆ ಕೊಟ್ಟರೆ ಮನೆಯಲ್ಲಿ ಯಾವ ಮೂಲೆಗೆ ಬೀಳುತ್ತದೋ ಅನ್ನುವ ಚಿಂತೆ ಅವರಿಗೆ.

"ನನ್ ಮಾತ್ ಕೇಳ್ರಿ, ಬಿಲ್ಲಿ ಬ್ಯಾಡ. ಡಬ್ಬಿ ಮುಚ್ಚಳಾ ಮಾಡ್ತೀನಿ. ಕಡೀಗ ಎಲಿ ಅಡಿಕಿ ಇಡ್ಲಾಕರ ಬರ್ತದ."